‘ಆದರೂ’ ಎಂಬ ಅವ್ಯಯ

ಎಂಟನೆಯ ತರಗತಿಗೆ ವ್ಯಾಕರಣ ಹೇಳಿಕೊಡುವವರಿಗೆ ಅವ್ಯಯ ಪ್ರಕರಣವೆಂದರೆ ಅಷ್ಟೇನೂ ಉತ್ಸಾಹದ ವಿಷಯವಲ್ಲ. ಲಿಂಗ, ವಚನ, ವಿಭಕ್ತಿಗಳ ಗೊಡವೆಯಿಲ್ಲದೆ ಇದ್ದ ಹಾಗೇ ಇರುವ ಪದವೇ ಅವ್ಯಯ ಎಂದು ಬರೆಸಿ, ಮತ್ತು, ಅಥವಾ, ಆದ್ದರಿಂದ, ಆದರೂ ಎಂದು ನಾಲ್ಕು ಉದಾಹರಣೆ ಕೊಟ್ಟರೆ ಪಿರಿಯಡ್ ಮುಗಿಯುತ್ತದೆ. ಆದರೆ ಆ ಕೊನೆಯ ‘ಆದರೂ’ ಇದೆಯಲ್ಲ, ಅದು ನೋಡಲು ಸಾಧು, ಒಳಗೆ ಬಹಳ ಖದೀಮ ಪದ. ಹೊಗಳುತ್ತಲೇ ಹೊಡೆಯುವ ಕಲೆ ಕನ್ನಡದಲ್ಲಿ ಇನ್ನಾವ ಪದಕ್ಕೂ ಇಷ್ಟು ಚೆನ್ನಾಗಿ ಸಿದ್ಧಿಸಿಲ್ಲ.

“ಹುಡುಗಿ ಕಪ್ಪಾದರೂ ಲಕ್ಷಣವಾಗಿದ್ದಾಳೆ.” ಈ ವಾಕ್ಯವನ್ನು ಕೇಳದೆ ಬೆಳೆದ ಹೆಣ್ಣುಮಗಳು ನಮ್ಮ ಕಡೆ ಯಾರಾದರೂ ಇದ್ದಾರೆಯೇ? ಹೇಳುವವರು ಒಳ್ಳೆಯದನ್ನೇ ಹೇಳಿದೆವೆಂದುಕೊಂಡು ಕಾಫಿ ಲೋಟ ಕೆಳಗಿಡುತ್ತಾರೆ. ಕೇಳಿಸಿಕೊಂಡ ಹುಡುಗಿ ಒಳಗೆ ಹೋಗಿ ಕನ್ನಡಿ ನೋಡಿಕೊಳ್ಳುತ್ತಾಳೆ. ಕಪ್ಪಾಗಿದ್ದರೆ ಲಕ್ಷಣವಾಗಿರುವುದು ಸಾಧ್ಯವಿಲ್ಲ, ಈಕೆ ಮಾತ್ರ ಹೇಗೋ ತಪ್ಪಿಸಿಕೊಂಡಿದ್ದಾಳೆ ಎಂಬ ಇಡೀ ಸಿದ್ಧಾಂತ ಆ ಮೂರಕ್ಷರದೊಳಗೆ ಅಡಗಿ ಕುಳಿತಿದೆ. “ಬೆಳ್ಳಗಿದ್ದರೂ ಲಕ್ಷಣವಾಗಿದ್ದಾಳೆ” ಎಂದು ಯಾರೂ ಹೇಳುವುದಿಲ್ಲ ನೋಡಿ. ಮೈಬಣ್ಣ ಕಪ್ಪಗಿದ್ದರೆ “ಬಣ್ಣ ಸ್ವಲ್ಪ ಕಡಿಮೆ” ಎನ್ನುವ ಮಾತೂ ಉಂಟು. ಸಾರಿಗೆ ಉಪ್ಪು ಕಡಿಮೆಯಾದ ಹಾಗೆ! ನಿಜಕ್ಕೂ ಲೆಕ್ಕ ಹಾಕಿದರೆ ಅದು ತಿರುಗಮುರುಗ. ಚರ್ಮದಲ್ಲಿ ಮೆಲನಿನ್ ಎಂಬ ಬಣ್ಣದ ಪದಾರ್ಥ ಹೆಚ್ಚಿದ್ದರೆ ಕಪ್ಪು, ಕಡಿಮೆಯಿದ್ದರೆ ಬಿಳುಪು. ಸುಡುವ ಬಿಸಿಲಿನ ನಾಡುಗಳಲ್ಲಿ ಸಾವಿರಾರು ವರ್ಷ ಬಾಳಿದವರ ಮೈಯನ್ನು ಕಾಯುವುದಕ್ಕೆ ಪ್ರಕೃತಿ ಕೊಟ್ಟ ಕೊಡೆ ಅದು. ಹಾಗಾಗಿ ‘ಬಣ್ಣ ಕಡಿಮೆ’ ಇರುವುದು ಬೆಳ್ಳಗಿರುವವರಿಗೆ ಎಂದು ನಮ್ಮ ವಿಜ್ಞಾನದ ಟೀಚರ್ ಒಮ್ಮೆ ಸ್ಟಾಫ್ ರೂಮಿನಲ್ಲಿ ಹೇಳಿದಾಗ, ಗೋಧಿಬಣ್ಣದವರೆಲ್ಲ ಸುಮ್ಮನೆ ಉತ್ತರಪತ್ರಿಕೆ ತಿದ್ದತೊಡಗಿದರು.

ಬಸುರಿಗೆ ಕೇಸರಿ ಹಾಲು ಕೊಡುವಲ್ಲಿಂದಲೇ ನಮ್ಮ ಬಣ್ಣದ ಚಿಂತೆ ಶುರುವಾಗುತ್ತದೆ. ಮಗು ಹುಟ್ಟಿದ ಮೇಲೆ ಕಡಲೆಹಿಟ್ಟು, ಹಾಲಿನ ಕೆನೆ. ಹುಡುಗಿ ದೊಡ್ಡವಳಾದ ಮೇಲೆ ಟ್ಯೂಬಿನಲ್ಲಿ ಬರುವ ಕ್ರೀಮು. 1975ರಲ್ಲಿ ನಮ್ಮ ದೇಶದ ಅಂಗಡಿಗಳಿಗೆ ಬಂದ ‘ಫೇರ್ ಅಂಡ್ ಲವ್ಲಿ’ಯ ಹೆಸರಿನಿಂದ ‘ಫೇರ್’ ಹೋಗಿ ‘ಗ್ಲೋ’ ಬರಲು 2020ರವರೆಗೆ ಕಾಯಬೇಕಾಯಿತು. ಟ್ಯೂಬು ಅದೇ ಗುಲಾಬಿ. ಅಂಗಡಿಯಲ್ಲಿ ಹುಡುಗಿಯರು ಈಗಲೂ ಹಳೆಯ ಹೆಸರಿನಲ್ಲೇ ಕೇಳುತ್ತಾರೆ, ಅಂಗಡಿಯವನೂ ಕೊಡುತ್ತಾನೆ. ದೇವರ ವಿಷಯದಲ್ಲಾದರೂ ಪ್ರಾಮಾಣಿಕರಾಗಿದ್ದೇವೆಯೇ? ಕೃಷ್ಣನ ಹೆಸರಿನ ಅರ್ಥವೇ ಕಪ್ಪು. ದ್ರೌಪದಿಯ ಹೆಸರು ಕೃಷ್ಣೆ. ಮಹಾಭಾರತದ ಅಷ್ಟು ರಾಜರು ಸ್ವಯಂವರಕ್ಕೆ ಮುಗಿಬಿದ್ದದ್ದು ಒಬ್ಬ ಕಪ್ಪು ಹೆಣ್ಣಿಗಾಗಿ. ಕ್ಯಾಲೆಂಡರಿನವರು ಮಾತ್ರ ಅವನಿಗೆ ನೀಲಿ ಬಳಿದು, ಇವಳಿಗೆ ಕೇಸರಿ ಹಾಲು ಕುಡಿಸಿಬಿಟ್ಟಿದ್ದಾರೆ.

ಇದೆಲ್ಲ ನಮ್ಮ ನಮ್ಮೊಳಗಿನ ಮಾತಾಯಿತು. ನಾನು ಸುಮಾರು ಮೂವತ್ತು ವರ್ಷ ಪಾಠ ಮಾಡಿದ್ದು ಉತ್ತರ ಕನ್ನಡದ ಘಟ್ಟದ ಮೇಲಿನ ತಾಲೂಕುಗಳಲ್ಲಿ. ಅಲ್ಲಿ ಈ ‘ಆದರೂ’ ಇನ್ನೊಂದು ಮೆಟ್ಟಿಲು ಕೆಳಗಿಳಿದು ಕೂರುತ್ತದೆ. “ಸಿದ್ದಿಯಾದರೂ ಹುಡುಗಿ ಚುರುಕು.” “ಸಿದ್ದಿಯಾದರೂ ಎಷ್ಟು ಶುದ್ಧ ಕನ್ನಡ!”

ಘಟ್ಟದ ಆಚೆ ಇರುವ ಓದುಗರಿಗೆ ಸಿದ್ದಿಗಳ ಬಗ್ಗೆ ಎರಡು ಮಾತು ಹೇಳಬೇಕು. ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ ಈ ಭಾಗಗಳ ಕಾಡಿನಂಚಿನ ಹಳ್ಳಿಗಳಲ್ಲಿ ಅವರ ಮನೆಗಳಿವೆ. ಅವರ ಹಿರಿಯರು ಬಂದದ್ದು ಆಫ್ರಿಕಾದಿಂದ, ಬಂದರು ಎನ್ನುವುದಕ್ಕಿಂತ ತರಲ್ಪಟ್ಟರು ಎನ್ನಬೇಕು. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರು ಪೂರ್ವ ಆಫ್ರಿಕಾದ ಕರಾವಳಿಯಿಂದ ಜನರನ್ನು ಗುಲಾಮರನ್ನಾಗಿ ಹಡಗಿನಲ್ಲಿ ತುಂಬಿ ತರುತ್ತಿದ್ದರು. ಅಲ್ಲಿಂದ ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟ ಹತ್ತಿ ನಮ್ಮ ಕಾಡು ಸೇರಿದರು. ಅವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ. ಮನೆಯಲ್ಲಿ ಕೊಂಕಣಿ ಬೆರೆತ ಮಾತು, ಹೊರಗೆ ಕನ್ನಡ. ತೋಟದ ಮನೆಗಳಲ್ಲಿ, ಗದ್ದೆಗಳಲ್ಲಿ ತಲೆಮಾರುಗಳಿಂದ ದುಡಿದವರು. ನಾಲ್ಕು ನೂರು ವರ್ಷಗಳ ಮೇಲೂ ಅವರು ನಮಗೆ ‘ಆಫ್ರಿಕಾದವರು’. ನಮ್ಮಲ್ಲಿ ಎಷ್ಟು ಮಂದಿ ನಾಲ್ಕು ನೂರು ವರ್ಷದ ಹಿಂದೆ ನಮ್ಮ ಅಜ್ಜನ ಅಜ್ಜ ಎಲ್ಲಿದ್ದನೆಂದು ಹೇಳಬಲ್ಲೆವು?

ದಖ್ಖನಿನ ಇತಿಹಾಸ ಓದಿದವರಿಗೆ ಮಲಿಕ್ ಅಂಬರ್ ಗೊತ್ತು. ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಕೈಯಿಂದ ಕೈಗೆ ಮಾರಾಟವಾಗಿ, ಕೊನೆಗೆ ಅಹಮದ್‌ನಗರದ ರಾಜ್ಯವನ್ನೇ ನಡೆಸಿ, 1626ರಲ್ಲಿ ಸಾಯುವವರೆಗೆ ಮೊಗಲರಿಗೆ ನಿದ್ದೆಗೆಡಿಸಿದ ಮನುಷ್ಯ. ನಮ್ಮ ವಿಜಾಪುರದ ಆದಿಲಶಾಹಿ ದರಬಾರಿನಲ್ಲೂ ಇಖ್ಲಾಸ್ ಖಾನನಂಥ ಹಬಶಿ ಮಂತ್ರಿಗಳಿದ್ದರು. ಸಮಾಜ ವಿಜ್ಞಾನದ ಪಾಠದಲ್ಲಿ ಇವರ ಚಿತ್ರವನ್ನು ನಾನು ತಪ್ಪದೆ ತೋರಿಸುತ್ತೇನೆ. ಕಪ್ಪು ಮೈಯ ಸರದಾರ ಜರಿ ಅಂಗಿ ತೊಟ್ಟು ಕತ್ತಿ ಹಿಡಿದು ನಿಂತಿರುವುದನ್ನು ಕಂಡು ಮಕ್ಕಳು ಮೊದಲು ಚಿತ್ರ ನೋಡುತ್ತಾರೆ, ಆಮೇಲೆ ತಿರುಗಿ ಹಿಂದಿನ ಬೆಂಚು ನೋಡುತ್ತಾರೆ. ಹಿಂದಿನ ಬೆಂಚಿನವರು ಆ ದಿನ ಸ್ವಲ್ಪ ನೆಟ್ಟಗೆ ಕೂರುತ್ತಾರೆ.

ಕಾರವಾರದಲ್ಲಿ ಖಾಪ್ರಿ ದೇವರೆಂದು ಒಬ್ಬನಿದ್ದಾನೆ. ಆಫ್ರಿಕಾದಿಂದ ಬಂದವನೆಂದು ಪ್ರತೀತಿ. ಅವನಿಗೆ ಮೇಣದಬತ್ತಿ ಹಚ್ಚುತ್ತಾರೆ, ಸಿಗರೇಟಿನ ಹರಕೆ ಒಪ್ಪಿಸುತ್ತಾರೆ. ಎಲ್ಲ ಜಾತಿಯವರೂ ಭಕ್ತಿಯಿಂದ ಕೈಮುಗಿಯುತ್ತಾರೆ. ಇದೇ ‘ಖಾಪ್ರಿ’ ಎಂಬ ಮಾತನ್ನು ನಮ್ಮ ಶಾಲೆಯ ಬಯಲಿನಲ್ಲಿ ಜಗಳವಾದಾಗ ಹುಡುಗರು ಸಿದ್ದಿ ಮಕ್ಕಳ ಮೇಲೆ ಕಲ್ಲಿನ ಹಾಗೆ ಎಸೆಯುವುದನ್ನು ನಾನು ಕೇಳಿದ್ದೇನೆ. ದೇವರಿಗೆ ಹೇಳಿದರೆ ಪೂಜೆ, ಮಗುವಿಗೆ ಹೇಳಿದರೆ ಬೈಗುಳ. ಪದ ಒಂದೇ.

2001ರಲ್ಲಿ ನಮ್ಮ ಶಾಲೆಯ ಎಂಟನೆಯ ತರಗತಿಗೆ ಒಬ್ಬ ಸಿದ್ದಿ ಹುಡುಗಿ ಸೇರಿದಳು. ಹೆಸರು ಬರೆಯುವುದಿಲ್ಲ, ಅವಳು ಈಗ ನಾಲ್ಕು ಜನರಿಗೆ ಗೊತ್ತಿರುವ ಹೆಂಗಸು. ಆರು ಕಿಲೋಮೀಟರು ಕಾಡುದಾರಿ ನಡೆದು ಬರುತ್ತಿದ್ದಳು. ಅವಳ ಜಾಣತನವಿದ್ದದ್ದು ಲೆಕ್ಕದಲ್ಲಿ. ನಾನು ಕನ್ನಡದವಳು, ಲೆಕ್ಕದಲ್ಲಿ ನನಗೆ ಅಂಥ ಗತಿಯಿಲ್ಲ. ಮೊದಲು ನನಗೆ ಇದು ಗೊತ್ತಾದದ್ದು ಶಾಲೆಯ ಪ್ರವಾಸದ ದುಡ್ಡು ಕೂಡಿಸುವಾಗ. ನಾನು ಕಾಗದದಲ್ಲಿ ದಶಕ ಹಿಡಿದುಕೊಂಡು ಮೇಲೇರುವಷ್ಟರಲ್ಲಿ ಅವಳು ಮೊತ್ತವನ್ನೂ, ಯಾರು ಎಷ್ಟು ಬಾಕಿ ಎಂಬುದನ್ನೂ ಹೇಳಿ ಮುಗಿಸಿದ್ದಳು.

ಅವಳಿಗೆ ಮೊದಲು ಎದುರಾದ ಕಷ್ಟ ಜಡೆಯದು. ನಗಬೇಡಿ. ಹೈಸ್ಕೂಲಿನ ಹುಡುಗಿಯರು ಎರಡು ಜಡೆ ಹಾಕಿ ರಿಬ್ಬನ್ ಮಡಚಿ ಕಟ್ಟಿ ಬರಬೇಕೆಂಬುದು ನಮ್ಮಲ್ಲಿ ಸಂವಿಧಾನಕ್ಕಿಂತ ಒಂದು ತೂಕ ಹೆಚ್ಚಿನ ನಿಯಮ. ಸಿದ್ದಿ ಹುಡುಗಿಯರ ಕೂದಲು ಸ್ಪ್ರಿಂಗಿನಂತೆ ಒತ್ತೊತ್ತು ಸುರುಳಿ. ಅದು ಕೆಳಗಿಳಿಯುವ ಕೂದಲಲ್ಲ, ಮೇಲೇಳುವ ಕೂದಲು. ಎಷ್ಟು ಎಣ್ಣೆ ಬಡಿದರೂ ಬೈತಲೆ ನಿಲ್ಲದು, ಎರಡು ಜಡೆ ಇಳಿಯದು. ಸೋಮವಾರ ಪ್ರಾರ್ಥನೆಯ ಹೊತ್ತಿಗೆ ಉಗುರು, ಸಮವಸ್ತ್ರ, ಜಡೆ ಎಲ್ಲದರ ತಪಾಸಣೆ. “ಇದೇನು ಹಕ್ಕಿಗೂಡು?” ಎಂದು ತಲೆಯ ಮೇಲೊಂದು ಮೊಟಕಿದರೆ ಇಡೀ ಸಾಲು ನಗುತ್ತಿತ್ತು. ಆ ವರ್ಷ ನನ್ನ ತರಗತಿಯಲ್ಲಿ ಮೂವರು ಸಿದ್ದಿ ಹುಡುಗಿಯರು. ಅಕ್ಟೋಬರ್ ರಜೆಗೆ ಮುಂಚೆ ಹಾಜರಿ ಪುಸ್ತಕ ಕೂಡಿಸಲು ಕುಳಿತಾಗ ನೋಡುತ್ತೇನೆ, ಮೂವರದೂ ಗೈರುಹಾಜರಿ ಹೆಚ್ಚು ಕಡಿಮೆ ಒಂದೇ ವಾರದಂದು. ಸೋಮವಾರ, ಸೋಮವಾರ, ಮತ್ತೆ ಸೋಮವಾರ. “ಸಿದ್ದಿ ಮಕ್ಕಳಿಗೆ ಓದಿನಲ್ಲಿ ಆಸಕ್ತಿಯಿಲ್ಲ, ಮನಸ್ಸು ಬಂದಾಗ ಬರುತ್ತಾರೆ” ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೂ ಹೇಳುತ್ತಿದ್ದ ಮಾತಿನ ಬೇರು ಇಲ್ಲಿತ್ತು.

ಹಾಜರಿ ಪುಸ್ತಕ ಹಿಡಿದುಕೊಂಡು ಹೆಡ್‌ಮಾಸ್ತರರ ಕೋಣೆಗೆ ಹೋದೆ. ಸಮಾನತೆ, ಮಾನವೀಯತೆ ಎಂದು ಶುರು ಮಾಡಿದರೆ ಅವರು ಗೋಡೆಯ ಗಡಿಯಾರ ನೋಡುತ್ತಾರೆಂದು ನನಗೆ ಗೊತ್ತಿತ್ತು. ಸೋಮವಾರಗಳನ್ನಷ್ಟೇ ತೋರಿಸಿದೆ. ಅವರು ಕೆಟ್ಟವರಲ್ಲ, ನಿಯಮಸ್ಥರು. “ನಿಯಮ ಎಲ್ಲರಿಗೂ ಒಂದೇ ಅಲ್ಲವೇ ಟೀಚರ್?” ಎಂದರು. “ನಿಯಮ ಒಂದೇ ಸರ್, ಕೂದಲು ಎಲ್ಲರಿಗೂ ಒಂದೇ ಅಲ್ಲವಲ್ಲ” ಎಂದೆ. ಸ್ವಲ್ಪ ಹೊತ್ತು ಪೆನ್ನಿನ ಟೋಪಿ ತಿರುಗಿಸುತ್ತ ಕುಳಿತರು. ಮರುವಾರದ ಸೂಚನೆಯಲ್ಲಿ ‘ಎರಡು ಜಡೆ’ ಹೋಗಿ ‘ಕೂದಲನ್ನು ಒಪ್ಪವಾಗಿ ಕಟ್ಟಿರಬೇಕು’ ಎಂದಾಯಿತು. ಎಲ್ಲ ಹುಡುಗಿಯರಿಗೂ ಅನ್ವಯ. ಮೂವರೂ ಸೋಮವಾರ ಬರತೊಡಗಿದರು. ಬೆಳಿಗ್ಗೆ ಅಡಿಗೆಯ ಗಡಿಬಿಡಿಯಲ್ಲಿ ಮಗಳ ಎರಡು ಜಡೆ ಹೆಣೆಯುವುದರಿಂದ ಪಾರಾದ ಊರಿನ ಎಷ್ಟೋ ತಾಯಂದಿರೂ ನೆಮ್ಮದಿಯ ಉಸಿರು ಬಿಟ್ಟರೆನ್ನಿ.

ಎರಡನೆಯ ಕಷ್ಟ ಹೊಗಳಿಕೆಯದು. ಬೈಗುಳಕ್ಕಾದರೆ ತಿರುಗಿ ಬೈಯಬಹುದು, ಹೊಗಳಿಕೆಗೆ ಏನು ಮಾಡುವುದು? ನಮ್ಮ ಪಿ.ಟಿ. ಮಾಸ್ತರರು ಹುಡುಗಿಯನ್ನು ನೋಡಿದ ದಿನವೇ “ಬಂತು ನಮ್ಮ ನಾನೂರು ಮೀಟರ್ ಚಿನ್ನ” ಎಂದು ಕೈ ಉಜ್ಜಿಕೊಂಡರು. ಇನ್ನೂ ಓಡಿಸಿ ನೋಡಿರಲಿಲ್ಲ, ಬರೀ ಮುಖ ನೋಡಿದ್ದು. ಅವರೊಬ್ಬರದೇ ಅಲ್ಲ ಈ ನಂಬಿಕೆ. ಭಾರತೀಯ ಕ್ರೀಡಾ ಪ್ರಾಧಿಕಾರದವರೇ 1987ರಲ್ಲಿ ವಿಶೇಷ ಪ್ರದೇಶ ಕ್ರೀಡಾ ಯೋಜನೆಯಲ್ಲಿ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ದಿದ್ದರು. ಆಫ್ರಿಕಾದವರು ಒಲಿಂಪಿಕ್ಸಿನಲ್ಲಿ ಓಡುತ್ತಾರೆ, ಇವರೂ ಅದೇ ರಕ್ತದವರು, ಓಡಿಯೇ ಓಡುತ್ತಾರೆ ಎಂಬುದು ಲೆಕ್ಕಾಚಾರ. ಅದರಿಂದ ಒಳ್ಳೆಯದೂ ಆಯಿತು. ಕಮಲಾ ಸಿದ್ದಿಯಂಥವರು ದಕ್ಷಿಣ ಏಷ್ಯಾದ ಕೂಟದಲ್ಲಿ ಪದಕ ಗೆದ್ದು ಬಂದರು. ಕೆಲವರಿಗೆ ಕ್ರೀಡೆಯ ಕೋಟಾದಲ್ಲಿ ನೌಕರಿ ಸಿಕ್ಕಿತು. ಆದರೆ 1993ರಲ್ಲಿ ಆ ಯೋಜನೆ ನಿಂತುಹೋಯಿತು. ಹಾಸ್ಟೆಲಿನಲ್ಲಿದ್ದ ಮಕ್ಕಳು ಅರ್ಧ ಓಟ, ಅರ್ಧ ಓದು ಹೊತ್ತುಕೊಂಡು ಕಾಡಿಗೆ ಮರಳಿದರು. ಯೋಜನೆ ಹೋದರೂ ನಂಬಿಕೆ ಮಾತ್ರ ನಮ್ಮ ಮೈದಾನಗಳಲ್ಲಿ ಉಳಿಯಿತು.

ತಾಲೂಕು ಮಟ್ಟದ ಕ್ರೀಡಾಕೂಟ. ಎಂಟು ಹುಡುಗಿಯರ ಓಟದಲ್ಲಿ ನಮ್ಮವಳು ಆರನೆಯವಳಾಗಿ ಬಂದಳು. ಆರನೆಯ ಸ್ಥಾನ ಅಪರಾಧವೇನಲ್ಲ. ಬೇರೆ ಹುಡುಗಿಯಾಗಿದ್ದರೆ “ಇರಲಿ, ಭಾಗವಹಿಸಿದ್ದೇ ದೊಡ್ಡದು” ಎನ್ನುತ್ತಿದ್ದರು. ಇವಳನ್ನು ಮಾತ್ರ ಎಲ್ಲರೂ ಮೋಸ ಮಾಡಿದವಳ ಹಾಗೆ ನೋಡಿದರು. ಪಕ್ಕದ ಶಾಲೆಯ ಮಾಸ್ತರೊಬ್ಬರು “ಏನ್ರೀ, ನಿಮ್ಮ ಸಿದ್ದಿ ಹುಡುಗಿ ಓಡುವುದೇ ಇಲ್ಲವಲ್ಲ!” ಎಂದು ನಕ್ಕರು, ಹಾಲು ಕೊಡದ ಎಮ್ಮೆಯನ್ನು ಕಟ್ಟಿಕೊಂಡವರನ್ನು ನೋಡಿ ನಗುವ ಹಾಗೆ. ಅವಳು ನನ್ನ ಪಕ್ಕ ಬಂದು ಕುಳಿತು, ಬೂಟಿಲ್ಲದ ಅಂಗಾಲಿನ ಮುಳ್ಳು ತೆಗೆದುಕೊಳ್ಳುತ್ತ, ಗೆದ್ದವಳು ಸೆಕೆಂಡಿಗೆ ಎಷ್ಟು ಮೀಟರು ಓಡಿದಂತಾಯಿತೆಂದು ಲೆಕ್ಕ ಹಾಕಿ ಹೇಳಿದಳು.

ಇಷ್ಟಾದರೂ ಪಿ.ಟಿ. ಮಾಸ್ತರರು ಬಿಡಲಿಲ್ಲ. ತಯಾರಿ ಸಾಲದು, ಕ್ರೀಡಾ ಹಾಸ್ಟೆಲಿಗೆ ಸೇರಿಸೋಣ, ರಕ್ತದಲ್ಲೇ ಇದೆ ಎಂದರು. ನಾನು ಹುಡುಗಿಯ ತಾಯಿಯನ್ನು ಕರೆಸಿ, ಮಗಳಿಗೆ ಲೆಕ್ಕ ಚೆನ್ನಾಗಿ ಬರುತ್ತದೆ, ಎಸ್.ಎಸ್.ಎಲ್.ಸಿ. ಆಗಲಿ, ಆಮೇಲೆ ನೋಡೋಣ ಎಂದು ಹೇಳಿದೆ. ಆಕೆ ಸೆರಗಿನ ತುದಿ ಹಿಡಿದುಕೊಂಡು ಬಾಗಿಲ ಹೊರಗೇ ನಿಂತಿದ್ದಳು. ಎಷ್ಟು ಹೇಳಿದರೂ ಒಳಗೆ ಬಂದು ಕೂರಲಿಲ್ಲ. ನನ್ನ ಮಾತೆಲ್ಲ ಮುಗಿದ ಮೇಲೆ ಕೇಳಿದಳು:

“ಓಡಿದ್ರೆ ಊಟ ಸಿಗ್ತದಂತೆ, ಹೌದಾ ಅಕ್ಕೋರೆ? ಮೊಟ್ಟೆ, ಹಾಲು ಎಲ್ಲಾ ಕೊಡ್ತಾರಂತೆ. ಲೆಕ್ಕ ಮಾಡಿದ್ರೆ ಎಂತಾ ಸಿಗ್ತದೆ?”

ಇದಕ್ಕೆ ಬಿ.ಎಡ್.ನಲ್ಲಿ ಯಾವ ಉತ್ತರವನ್ನೂ ಕಲಿಸಿರಲಿಲ್ಲ. ಪೂರ್ವಗ್ರಹ ತಪ್ಪು, ಹುಟ್ಟಿನಿಂದ ಯಾರೂ ಓಟಗಾರರಲ್ಲ ಎಂದು ನಾನು ಭಾಷಣ ಮಾಡಬಹುದಿತ್ತು. ಆದರೆ ಆ ಪೂರ್ವಗ್ರಹ ಮೊಟ್ಟೆ, ಹಾಲು ಹಿಡಿದುಕೊಂಡು ಬಂದಿತ್ತು. ನನ್ನ ನ್ಯಾಯ ಬರಿಗೈಯಲ್ಲಿ ನಿಂತಿತ್ತು. ಸಮಾನತೆಯ ಮಾತಾಡುವವರು ಈ ತಾಯಿಯ ಪ್ರಶ್ನೆಗೆ ಮೊದಲು ಉತ್ತರ ಹುಡುಕಬೇಕೆಂದು ನನಗೆ ಅಂದು ಅನಿಸಿದ್ದು ಇಂದಿಗೂ ಬದಲಾಗಿಲ್ಲ. ಹುಡುಗಿಯನ್ನೇ ಕೇಳಿದೆವು. “ನಂಗೆ ಓಡುದು ಬೇಜಾರು” ಎಂದು ನೆಲ ನೋಡಿಕೊಂಡು ಹೇಳಿದಳು. ತಾಯಿ ಆ ವರ್ಷಕ್ಕೆ ಒಪ್ಪಿಕೊಂಡಳು.

ಉತ್ತರ ಬಂದದ್ದು ದೆಹಲಿಯಿಂದ, 2003ರಲ್ಲಿ. ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದರು. ಕಾಡಿನಲ್ಲೇ ಹುಟ್ಟಿ ಕಾಡಿನಲ್ಲೇ ದುಡಿಯುತ್ತಿದ್ದವರಿಗೆ ಸ್ವಾತಂತ್ರ್ಯ ಬಂದು ಐವತ್ತೈದು ವರ್ಷದ ಮೇಲೆ ಸಿಕ್ಕ ಕಾಗದ ಅದು. ಧಾರವಾಡ, ಬೆಳಗಾವಿ ಜಿಲ್ಲೆಗಳ ಸಿದ್ದಿಗಳಂತೂ 2020ರವರೆಗೆ ಕಾದರು. ಅದೇ ಜನ, ಅದೇ ಬಡತನ, ನಡುವೆ ಜಿಲ್ಲೆಯ ಗಡಿಯ ಒಂದು ಕಲ್ಲು. ನಮ್ಮ ಹುಡುಗಿಗೆ ಪ್ರಮಾಣಪತ್ರ ಮಾಡಿಸಲು ತಹಸೀಲ್ದಾರರ ಕಚೇರಿಗೆ ನಾನೂ ಒಂದೆರಡು ಸಲ ಜೊತೆಗೆ ಹೋದೆ. ವಿದ್ಯಾರ್ಥಿವೇತನ ಬಂತು, ಹಾಸ್ಟೆಲಿನಲ್ಲಿ ಜಾಗ ಸಿಕ್ಕಿತು, ಆರು ಕಿಲೋಮೀಟರ ಕಾಡುದಾರಿ ತಪ್ಪಿತು. ಸ್ಟಾಫ್ ರೂಮಿನಲ್ಲಿ “ಇನ್ನೇನು, ಎಲ್ಲ ಅವರಿಗೇ” ಎಂದು ಗೊಣಗಿದವರೂ ಇದ್ದರು. ನಾನು ವಾದ ಮಾಡಲಿಲ್ಲ. ಆರು ಕಿಲೋಮೀಟರು ಮಳೆಗಾಲದಲ್ಲಿ ಇಂಬಳ ಕಿತ್ತುಕೊಳ್ಳುತ್ತ ನಡೆದು ಬಂದು ಅದೇ ಪ್ರಶ್ನೆಪತ್ರಿಕೆಗೆ ಉತ್ತರ ಬರೆಯುವ ಮಗುವನ್ನೂ, ಸೈಕಲ್ಲಿನಲ್ಲಿ ಬಂದು ಬರೆಯುವ ಮಗುವನ್ನೂ ಕಣ್ಣಾರೆ ನೋಡಿದವರಿಗೆ ಈ ವಾದದ ಅಗತ್ಯ ಬೀಳುವುದಿಲ್ಲ.

ಗ್ಯಾದರಿಂಗಿನ ಕಥೆಯನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಪ್ರತಿ ವರ್ಷವೂ ಸಿದ್ದಿ ಮಕ್ಕಳಿಗೆ ಡಮಾಮಿ ಕುಣಿತ ಮೀಸಲು. ಡಮಾಮಿ ಸೊಗಸಾದ ಕುಣಿತ, ಆ ಡೋಲಿನ ಪೆಟ್ಟಿಗೆ ಕೂತಲ್ಲೇ ಕಾಲು ಕುಣಿಯುತ್ತದೆ. ಆದರೆ ನಮ್ಮವರು ಅದಕ್ಕೆ ಸೊಂಟಕ್ಕೆ ಸೊಪ್ಪು ಸುತ್ತಿ, ಮುಖಕ್ಕೆ ಬಿಳಿ ಚುಕ್ಕೆ ಇಟ್ಟು, ಯಾವುದೋ ಸಿನಿಮಾದ ಕಾಡುಜನರಂತೆ ಮಾಡಿ ವೇದಿಕೆಗೆ ಬಿಡುತ್ತಿದ್ದರು. ನಾಟಕವಾದರೆ ರಾಕ್ಷಸನ ಪಾತ್ರಕ್ಕೆ ಕರೆ. ಇಷ್ಟಕ್ಕೂ ಸಿದ್ದಿಗಳು ನಾಟಕಕ್ಕೆ ಹೊಸಬರೇ? ನಮ್ಮ ಮಂಚಿಕೇರಿಯಲ್ಲೇ ಚಿದಂಬರರಾವ್ ಜಂಬೆಯವರು ಸಿದ್ದಿ ಕಲಾವಿದರನ್ನು ಕಟ್ಟಿಕೊಂಡು ನೈಜೀರಿಯಾದ ಚಿನುವಾ ಅಚಿಬೆಯ ಕಾದಂಬರಿಯನ್ನು ಕನ್ನಡ ನಾಟಕವಾಗಿ ಆಡಿಸಿದ್ದರು.

ಆ ವರ್ಷ ಕಿತ್ತೂರು ಚೆನ್ನಮ್ಮನ ನಾಟಕ ನನ್ನ ಪಾಲಿಗೆ ಬಂತು. ಪಾತ್ರ ಹಂಚುವುದಕ್ಕೆ ನಾನೊಂದು ಉಪಾಯ ಮಾಡಿದೆ. ಹುಡುಗಿಯರೆಲ್ಲ ಒಬ್ಬೊಬ್ಬರಾಗಿ ಬಾಗಿಲ ಹಿಂದೆ ನಿಂತು ಸಂಭಾಷಣೆ ಓದಬೇಕು. ನಾವು ಮೂವರು ಟೀಚರುಗಳು ಈಚೆ ಕುಳಿತು ಬರೀ ದನಿ ಕೇಳಿ ಅಂಕ ಹಾಕಬೇಕು. ಏಳನೆಯ ದನಿ ಬಂದಾಗ ಮೂವರೂ ಪೆನ್ನು ಕೆಳಗಿಟ್ಟೆವು. ಬಾಗಿಲು ತೆರೆದರೆ ನಮ್ಮ ಲೆಕ್ಕದ ಹುಡುಗಿ. “ದನಿಯೇನೋ ಸರಿ. ಆದರೆ ಚೆನ್ನಮ್ಮ ಬೆಳ್ಳಗಿದ್ದಳಲ್ಲವೇ?” ಎಂದರು ಒಬ್ಬರು. 1824ರಲ್ಲಿ ಯುದ್ಧ ಮಾಡಿದವಳನ್ನು ಇವರು ಯಾವಾಗ ನೋಡಿದ್ದರೋ! “ಅಂಕ ನೀವೇ ಹಾಕಿದ್ದೀರಿ” ಎಂದು ಹಾಳೆ ತೋರಿಸಿದೆ.

ನಾಟಕದ ದಿನ ಬಣ್ಣದ ಮಾಸ್ತರರು ಪೆಟ್ಟಿಗೆ ತೆಗೆದರು. ಅದರಲ್ಲಿದ್ದದ್ದು ಒಂದೇ ಬಗೆಯ ಬಣ್ಣ, ಗುಲಾಬಿ. ಚೆನ್ನಮ್ಮನ ಮುಖಕ್ಕೂ ಅದನ್ನೇ ದಪ್ಪಗೆ ಮೆತ್ತಿದರು. ಮುಖ ಒಂದು ಬಣ್ಣ, ಕುತ್ತಿಗೆ ಒಂದು ಬಣ್ಣ, ಕೈ ಇನ್ನೊಂದು. ಅವಳು ಸಣ್ಣ ಕನ್ನಡಿಯಲ್ಲಿ ನೋಡಿಕೊಂಡವಳೇ ಏನೂ ಹೇಳದೆ ಬಾವಿಕಟ್ಟೆಗೆ ಹೋಗಿ ತೊಳೆದುಕೊಂಡು ಬಂದಳು. ಒಂದು ಕುಂಕುಮ, ಒಂದು ಮೂಗುತಿ, ಕೈಯಲ್ಲಿ ರಟ್ಟಿನ ಕತ್ತಿ. ಮಿಕ್ಕ ಗುಲಾಬಿ ಬಣ್ಣವನ್ನೆಲ್ಲ ಥ್ಯಾಕರೆ ಸಾಹೇಬನಾಗಿದ್ದ ಹುಡುಗನಿಗೆ ಹಚ್ಚಿ ಖಾಲಿ ಮಾಡಿದರು. ಕಪ್ಪ ಕೇಳಲು ಬಂದವನೆದುರು ಅವಳು ದನಿಯೆತ್ತಿದಾಗ ಬಯಲಿನ ಹಿಂದೆ ಕಡಲೆ ಮಾರುತ್ತಿದ್ದವನೂ ಪೊಟ್ಟಣ ಕಟ್ಟುವುದನ್ನು ಮರೆತು ನಿಂತ. ಕೊನೆಯ ಸಾಲಿನಲ್ಲಿ ಅವಳ ತಾಯಿ ನಿಂತೇ ನೋಡಿದಳು.

ನಾನು ಈಗಲೂ ವಾರಕ್ಕೊಮ್ಮೆ ಬೆಂಚು ತಿರುಗಿಸುತ್ತೇನೆ, ಹಿಂದಿನವರು ಮುಂದೆ, ಮುಂದಿನವರು ಹಿಂದೆ. ವರ್ಣಭೇದ ನೀತಿಯ ಪಾಠ ಬಂದಾಗ ದಕ್ಷಿಣ ಆಫ್ರಿಕಾದಲ್ಲೇ ನಿಲ್ಲುವುದಿಲ್ಲ. ಗಾಂಧೀಜಿಯನ್ನು 1893ರಲ್ಲಿ ರೈಲಿನಿಂದ ಹೊರದಬ್ಬಿದ್ದನ್ನು ಓದಿದಾಗ ಎಲ್ಲ ಮಕ್ಕಳ ಕಣ್ಣೂ ಕೆಂಪಾಗುತ್ತದೆ. 2009ರಲ್ಲಿ ಆಸ್ಟ್ರೇಲಿಯಾದಲ್ಲಿ ನಮ್ಮ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದಾಗ ಊರಿಗೆ ಊರೇ ಕುದಿದಿತ್ತು, ಕುದಿಯಬೇಕಾದ್ದೇ. ಆದರೆ 2012ರ ಆಗಸ್ಟಿನಲ್ಲಿ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಗಂಟುಮೂಟೆ ಕಟ್ಟಿ ಗುವಾಹಟಿಯ ರೈಲು ಹತ್ತಿದ್ದು ನಮ್ಮ ಬೆಂಗಳೂರಿನಿಂದಲೇ. 2016ರ ಜನವರಿಯಲ್ಲಿ ಸುಡಾನಿನವನೊಬ್ಬನ ಕಾರು ಅಪಘಾತ ಮಾಡಿತೆಂದು, ಆಮೇಲೆ ಆ ದಾರಿಯಲ್ಲಿ ಬಂದ, ಅದಕ್ಕೆ ಯಾವ ಸಂಬಂಧವೂ ಇಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಹೊಡೆದದ್ದೂ ಬೆಂಗಳೂರಿನಲ್ಲೇ. ಅವಳ ಮುಖ ಅವನ ಮುಖದ ಬಣ್ಣದ್ದಾಗಿತ್ತು, ಅಷ್ಟೇ. ಆ ವಾರ ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಸಿದ್ದಿ ಹುಡುಗ, ಸಂಜೆಯ ಮೇಲೆ ಕೋಣೆಯಿಂದ ಹೊರಗೆ ಬರಲಿಲ್ಲವಂತೆ. ಬಾಡಿಗೆ ಮನೆಗೆ ಹೋದರೆ ಪಾಸ್‌ಪೋರ್ಟ್ ಕೇಳುತ್ತಾರೆ, ಅಂಗಡಿಯವರು ಇಂಗ್ಲಿಷಿನಲ್ಲಿ ಮಾತಾಡಿಸುತ್ತಾರೆ. “ಎಂಟನೇ ಕ್ಲಾಸಿನಲ್ಲಿ ನೀವು ಹೇಳಿದ ಕನ್ನಡ ಪದ್ಯ ಹೇಳಿ ಕನ್ನಡಿಗ ಅಂತ ತೋರಿಸಬೇಕಾಯ್ತು ಅಕ್ಕೋರೆ” ಎಂದು ಫೋನಿನಲ್ಲಿ ನಕ್ಕ. ಅವನು ನಕ್ಕನೆಂದು ನಾನೂ ನಕ್ಕೆ.

ಕಾಲ ನಿಂತಿಲ್ಲ. ಯಲ್ಲಾಪುರದ ಕಡೆಯ ಶಾಂತಾರಾಮ ಸಿದ್ದಿಯವರು 2020ರಲ್ಲಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡಾಗ, ಆ ಸಮುದಾಯದಿಂದ ಶಾಸನಸಭೆಯ ಮೆಟ್ಟಿಲು ಹತ್ತಿದ ಮೊದಲಿಗರೆಂದು ಪತ್ರಿಕೆಗಳೆಲ್ಲ ಬರೆದವು. ಸಿದ್ದಿ ಹೆಂಗಸರು ಹಳೆಯ ಸೀರೆಯ ತುಂಡುಗಳಿಂದ ಹೊಲಿಯುವ ಕೌದಿಗಳು ಪ್ರದರ್ಶನಗಳಿಗೆ ಹೋಗಿವೆ. ಮೂಲೆಗೆ ಮಡಚಿದ ಬಟ್ಟೆಯ ‘ಫೂಲ್’ ಇಡದಿದ್ದರೆ ಕೌದಿ ಬತ್ತಲೆ ಎಂದು ಅವರ ನಂಬಿಕೆ. ನನ್ನ ಮನೆಯಲ್ಲೂ ಒಂದಿದೆ, ದುಡ್ಡು ಕೊಟ್ಟೇ ತಂದದ್ದು. ಉಚಿತವಾಗಿ ಕೊಡಲು ಬಂದಾಗ ಬೇಡವೆಂದೆ, ಮೂರು ತಿಂಗಳ ಕೆಲಸ ಅದು.

ನಮ್ಮ ಹುಡುಗಿ ಲೆಕ್ಕದಲ್ಲಿ ಎಂಬತ್ತರ ಮೇಲೆ ತೆಗೆದು ಎಸ್.ಎಸ್.ಎಲ್.ಸಿ. ಪಾಸಾದಳು, ಮುಂದೆ ಬಿ.ಕಾಂ. ಮಾಡಿದಳು. ಈಗ ತಾಲೂಕಿನ ಒಂದು ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುತ್ತಾಳೆ. ಅವಳ ಮಗಳಿಗೆ ಹನ್ನೆರಡು ವರ್ಷ, ಆ ಹುಡುಗಿಗೆ ಓಟವೆಂದರೆ ಜೀವ. ಬೆಳಿಗ್ಗೆ ಐದಕ್ಕೆದ್ದು ತಾನಾಗಿಯೇ ಓಡುತ್ತಾಳೆ. “ಅವಳಿಗೆ ಬೇಕು ಅಂದ್ಲು, ಬೂಟು ಕೊಡಿಸಿದೆ. ಲೆಕ್ಕ ಮಾತ್ರ ಸೊನ್ನೆ” ಎಂದು ತಾಯಿ ಹಣೆ ಚಚ್ಚಿಕೊಂಡು ನಗುತ್ತಾಳೆ.

ಹೋದ ತಿಂಗಳು ಠೇವಣಿಯ ಕೆಲಸಕ್ಕೆ ಅವಳ ಸಂಘಕ್ಕೆ ಹೋಗಿದ್ದೆ. ಮಧ್ಯಾಹ್ನದ ಹೊತ್ತು, ಬೇರೆಯವರೆಲ್ಲ ಊಟಕ್ಕೆ ಹೋಗಿದ್ದರು. ಕೌಂಟರಿನ ಹಿಂದೆ ಅವಳೊಬ್ಬಳೇ, ಕನ್ನಡಕ ಹಾಕಿಕೊಂಡು ಲೆಡ್ಜರ್ ತಾಳೆ ನೋಡುತ್ತಿದ್ದಳು. ಪೇಟೆಯ ಕಡೆಯ ಹೆಂಗಸೊಬ್ಬಳು ಬಂದು, ಅವಳನ್ನು ನೋಡಿ, ಅವಳ ತಲೆಯ ಮೇಲಿಂದ ಒಳಕೋಣೆಯತ್ತ ಇಣುಕಿ, “ಯಾರೂ ಇಲ್ವಾ ಒಳಗೆ?” ಎಂದು ಕೇಳಿದಳು.

ಅವಳು ಪೆನ್ಸಿಲ್ಲಿನಿಂದ ಒಂದು ಅಂಕಿಯ ಕೆಳಗೆ ಗೆರೆ ಎಳೆದು, ಕನ್ನಡಕ ಮೇಲೆ ಮಾಡಿ, ಕೈ ಚಾಚಿದಳು.

“ಪಾಸ್‌ಬುಕ್ ಕೊಡಿ.”